ತಬ್ಬಲಿ ಮಕ್ಕಳು ಮನೆ ಹೂಡುವ ಕಾದಂಬರಿ: ಮಲೆನಾಡಿನ ಹಿನ್ನೆಲೆಯಲ್ಲಿ ಬರೆಯುವ ಬಗೆ

ಅಪ್ಪ ಅಮ್ಮ ಇಲ್ಲದ ಅಕ್ಕ ತಮ್ಮಂದಿರು ಒಂದು ಹಳೆಯ ಮನೆಯ ಬೀಗ ತೆಗೆದು, ಕಸ ಹೊಡೆದು, ಒಲೆ ಹಚ್ಚಿ, ಅಲ್ಲೇ ಉಳಿಯುತ್ತಾರೆ. ಇಷ್ಟೇ ಕಥೆ. ಎಂಟರಿಂದ ಹನ್ನೆರಡು ವರ್ಷದ ಮಕ್ಕಳು ಇದನ್ನು 150 ಪುಟ ಬಿಡದೆ ಓದಬೇಕಾದರೆ ಕಳ್ಳರು ಬೇಡ, ನಿಧಿ ಬೇಡ, ಆಸ್ತಿಗಾಗಿ ಹೊಂಚುವ ದುಷ್ಟ ಚಿಕ್ಕಪ್ಪನೂ ಬೇಡ. ಒಲೆ ಹತ್ತಿತೇ, ಸೂರು ಸೋರಿತೇ, ಅಕ್ಕಿ ತಿಂಗಳ ಕೊನೆಯವರೆಗೆ ಬಂತೇ ಎಂಬುದರಲ್ಲೇ ಸಾಕಷ್ಟು ಕುತೂಹಲ ಇದೆ. ಇಂಥ ಪುಸ್ತಕಗಳು ಸೋಲುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಬರೆಯುವವರಿಗೆ ಆ ಮಕ್ಕಳ ದುಃಖ ಗೊತ್ತಿರುತ್ತದೆ, ಅವರ ಅಡುಗೆಮನೆ ಗೊತ್ತಿರುವುದಿಲ್ಲ.

ಇಲ್ಲಿನ ಉದಾಹರಣೆಗಳೆಲ್ಲ ಸಕಲೇಶಪುರ ಮತ್ತು ಮೂಡಿಗೆರೆ ನಡುವಿನ, ಹಾನುಬಾಳು ಸುತ್ತಿನ ಮಲೆನಾಡಿನವು. ಊರಿಗೆ ಕಲ್ಪಿತ ಹೆಸರೇ ಇಡಿ. ಪೇಟೆ, ಹೊಳೆ, ಬಸ್ಸಿನ ದಾರಿ ಮಾತ್ರ ನಿಜದ್ದಿರಲಿ. ಹೇಮಾವತಿಯನ್ನು ಕಥೆಯ ಅನುಕೂಲಕ್ಕೆ ತಿರುಗಿಸಿದರೆ ಆ ಸೀಮೆಯ ಓದುಗರು ಅಲ್ಲೇ ಪುಸ್ತಕ ಮುಚ್ಚುತ್ತಾರೆ.

ಮೊದಲ ಹಂತ: ಎಷ್ಟು ಮಕ್ಕಳು, ಯಾವ ವಯಸ್ಸು

ನಾಲ್ವರು ಸಾಕು. ಇಬ್ಬರಾದರೆ ಜಗಳಕ್ಕೆ ಪಕ್ಷ ಕಟ್ಟಲು ಆಗುವುದಿಲ್ಲ, ಆರು ಜನರಾದರೆ ಎಳೆಯ ಓದುಗರಿಗೆ ಯಾರು ಯಾರೆಂದು ನೆನಪಿರುವುದಿಲ್ಲ. ಚೆನ್ನಾಗಿ ಕೂಡಿಬರುವ ಒಂದು ಜೋಡಣೆ: ಅಕ್ಕನಿಗೆ 17, ದ್ವಿತೀಯ ಪಿಯುಸಿ. ತಮ್ಮನಿಗೆ 12, ಏಳನೇ ತರಗತಿ. ತಂಗಿಗೆ 8, ಮೂರನೇ ತರಗತಿ. ಕೊನೆಯ ಪುಟ್ಟನಿಗೆ 4, ಅಂಗನವಾಡಿ. ಕಥೆ ಕಾಣುವುದು 12 ಮತ್ತು 8ರ ಕಣ್ಣಿನಿಂದ, ಏಕೆಂದರೆ ಓದುವವರ ವಯಸ್ಸೂ ಅದೇ.

ಪ್ರತಿಯೊಬ್ಬರಿಗೂ ಬರುವ ಒಂದು ಕೆಲಸ, ಬಾರದ ಒಂದು ಕೆಲಸ, ಹೆದರಿಕೆಯ ಒಂದು ವಸ್ತು ಬರೆದಿಟ್ಟುಕೊಳ್ಳಿ. ನಾಲ್ಕು ವರ್ಷದ ಮಗುವಿಗೂ ಕೆಲಸ ಬೇಕು: ಕೋಳಿ ಎಣಿಸುವುದು, ತಟ್ಟೆ ಹಾಕುವುದು, ಕುಕ್ಕೆಯಲ್ಲಿ ಒಣ ಕಡ್ಡಿ ತುಂಬುವುದು. ಸುಮ್ಮನೆ ಮುದ್ದಾಗಿ ಕೂತಿರುವ ಮಗು ಮೂರನೇ ಅಧ್ಯಾಯಕ್ಕೇ ಬೇಸರ ತರಿಸುತ್ತದೆ. ಅಡುಗೆ ಪೂರ್ತಿ ಹೆಣ್ಣುಮಕ್ಕಳ ಪಾಲಿಗೆ ಹೋಗದಂತೆ ಕೆಲಸ ಹಂಚಿ. ರೊಟ್ಟಿ ತಟ್ಟಲು ತಮ್ಮ ಕಲಿಯಲಿ, ಸೂರಿನ ಹಂಚಿನ ಲೆಕ್ಕ ತಂಗಿ ಇಡಲಿ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಅಕ್ಕನ ವಿಷಯದಲ್ಲಿ. ಅವಳನ್ನು ಎರಡನೇ ಅಮ್ಮ ಮಾಡಿ ಕೂರಿಸುವುದು ಬಹಳ ಸುಲಭ, ಆದರೆ ಅವಳೂ ಮಗು. ಅವಳು ಒಮ್ಮೆಯಾದರೂ ಕೂಗಾಡಲಿ, ಒಂದು ದಿನ ಬೆಳಗಾದರೂ ಏಳದೆ ಮಲಗಿರಲಿ, ಮಾರ್ಚಿನ ಪರೀಕ್ಷೆಯ ಚಿಂತೆ ಅವಳೊಬ್ಬಳದೇ ಆಗಿರಲಿ.

ಎರಡನೇ ಹಂತ: ಸಾವನ್ನು ಪುಸ್ತಕದ ಆಚೆ ಇಡುವುದು

ಅಪ್ಪ ಅಮ್ಮ ತೀರಿಕೊಂಡದ್ದು ಮೊದಲ ಪುಟಕ್ಕಿಂತ ಸುಮಾರು ಒಂದೂವರೆ ವರ್ಷದ ಹಿಂದೆ ಎಂದಿಟ್ಟುಕೊಳ್ಳಿ. ಇದಕ್ಕೆ ಎರಡು ಕಾರಣ. ಒಂದು, ಮೃದುವಾದ ಪುಸ್ತಕದಲ್ಲಿ ಸಾವಿನ ದೃಶ್ಯ ಬಂದರೆ ಮುಂದಿನದೆಲ್ಲ ಅದರ ನೆರಳಾಗುತ್ತದೆ. ಎರಡನೆಯದು ಆಚರಣೆಯದು: ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬ ಮಾಡದ ಪದ್ಧತಿ ಈ ಕಡೆ ಬಹಳ ಮನೆಗಳಲ್ಲಿದೆ. ಆರು ತಿಂಗಳ ಹಿಂದಷ್ಟೇ ತೀರಿಕೊಂಡರೆಂದು ಬರೆದು, ಮುಂದೆ ದೀಪಾವಳಿಗೆ ಸಾಲುದೀಪ ಹಚ್ಚಿಸಿದರೆ ಅಜ್ಜಿಯರು ತಕ್ಷಣ ಕೇಳುತ್ತಾರೆ. ವರ್ಷ ಕಳೆದಿದ್ದರೆ ಹಬ್ಬಗಳ ಬಾಗಿಲು ತೆರೆದಿರುತ್ತದೆ.

ಆ ಒಂದೂವರೆ ವರ್ಷ ಮಕ್ಕಳು ನೆಂಟರ ಮನೆಗಳಿಗೆ ಹಂಚಿಹೋಗಿದ್ದರು. ತಮ್ಮ ಅರಸೀಕೆರೆಯ ಕಡೆ, ತಂಗಿ ಬೇಲೂರಿನಲ್ಲಿ, ಅಕ್ಕ ಹಾಸನದ ಹಾಸ್ಟೆಲಿನಲ್ಲಿ, ಪುಟ್ಟ ಸಕಲೇಶಪುರದ ದೊಡ್ಡಮ್ಮನ ಬಳಿ. ಹೀಗಾದಾಗ ಪುಸ್ತಕ ತೆರೆದುಕೊಳ್ಳುವುದು ಮಕ್ಕಳು ಮತ್ತೆ ಒಂದಾಗುವ ದಿನದಿಂದ. ಇನ್ನೊಂದು ಲಾಭವೂ ಇದೆ. ಬಯಲುಸೀಮೆಯಲ್ಲಿದ್ದ ತಮ್ಮನಿಗೆ ರಾಗಿಮುದ್ದೆ ಅಭ್ಯಾಸವಾಗಿದೆ, ಉಳಿದವರಿಗೆ ಅಕ್ಕಿರೊಟ್ಟಿ ಕಡುಬು ಬೇಕು. ಪುಟ್ಟನಿಗೆ ಅಕ್ಕನ ಮುಖವೇ ಸರಿಯಾಗಿ ನೆನಪಿಲ್ಲ. ಒಡಹುಟ್ಟಿದವರು ಮತ್ತೆ ಒಡಹುಟ್ಟಿದವರಾಗಬೇಕಾದ ಈ ಕೆಲಸ ನಾಲ್ಕೈದು ಅಧ್ಯಾಯ ಹೊರುತ್ತದೆ. ನೆಂಟರನ್ನು ಕೆಟ್ಟವರಾಗಿ ಮಾಡಬೇಡಿ. ಇಕ್ಕಟ್ಟಿನ ಮನೆ, ಕೈಬಿಗಿ ಸಂಸಾರ, ಆದರೂ ಇಟ್ಟುಕೊಂಡವರು ಅವರು.

ಮೂರನೇ ಹಂತ: ಈ ಮಕ್ಕಳು ಒಂಟಿಯಾಗಿರಲು ಬಿಟ್ಟವರು ಯಾರು?

ಇಂದಿನ ಕಾಲದ ಕಥೆಯಾದರೆ ಈ ಪ್ರಶ್ನೆ ತಪ್ಪಿಸಿಕೊಳ್ಳಲಾಗದು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ನೋಡಿಕೊಳ್ಳುವವರಿಲ್ಲದ ಮಗು ಕಂಡರೆ 24 ಗಂಟೆಯೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಗಮನಕ್ಕೆ ತರಬೇಕು. ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು ಇರುತ್ತಾರೆ. ಮಕ್ಕಳ ಸಹಾಯವಾಣಿ 1098 ಊರ ಶಾಲೆಯ ಗೋಡೆಯ ಮೇಲೂ ಬರೆದಿರುತ್ತದೆ. ಶಿಕ್ಷಕರಿಗೆ, ಅಂಗನವಾಡಿ ಕಾರ್ಯಕರ್ತೆಗೆ, ಆಶಾ ಕಾರ್ಯಕರ್ತೆಗೆ ತಿಳಿಯದಂತೆ ನಾಲ್ಕು ಮಕ್ಕಳು ಒಂದು ಊರಿನಲ್ಲಿ ಇದ್ದುಬಿಡಲು ಸಾಧ್ಯವೇ ಇಲ್ಲ.

ಆದ್ದರಿಂದ ಕಾನೂನನ್ನು ಕಥೆಯೊಳಕ್ಕೆ ಕರೆದುಕೊಳ್ಳಿ. ಪಕ್ಕದ ಮನೆಯ ಒಬ್ಬ ಅಜ್ಜಿಯನ್ನು ಸಮಿತಿ ಯೋಗ್ಯ ವ್ಯಕ್ತಿ ಎಂದು ಒಪ್ಪಿ ಮಕ್ಕಳನ್ನು ಅವರ ಸುಪರ್ದಿಗೆ ಕೊಡಬಹುದು. ಅಜ್ಜಿ ರಾತ್ರಿ ಇವರ ಮನೆಯಲ್ಲೇ ಮಲಗುತ್ತಾರೆ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಡಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವು ಇದೆ. ಅದು ಮಂಜೂರಾಗಲು ಅರ್ಜಿ, ಮನೆ ಭೇಟಿ, ಬ್ಯಾಂಕ್ ಖಾತೆ ಎಲ್ಲ ಆಗಬೇಕು. ಆ ಕಾಯುವಿಕೆಯನ್ನು ಕಥೆಯ ಮೊದಲರ್ಧಕ್ಕೆ ಇಡಿ.

ಮಕ್ಕಳ ಭಯ ಏನಿರುತ್ತದೆ? ಬಾಲಮಂದಿರಕ್ಕೆ ಹೋದರೆ ಗಂಡುಮಕ್ಕಳು ಒಂದು ಕಡೆ, ಹೆಣ್ಣುಮಕ್ಕಳು ಇನ್ನೊಂದು ಕಡೆ ಆಗುತ್ತೇವೆ ಎಂಬುದು. ಮಕ್ಕಳನ್ನು ಪೋಷಕ ಕುಟುಂಬಕ್ಕೆ ಕೊಡುವಾಗ ಒಡಹುಟ್ಟಿದವರನ್ನು ಒಟ್ಟಿಗೇ ಇಡಲು ಎಲ್ಲ ಪ್ರಯತ್ನ ಮಾಡಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಭೇಟಿಗೆ ಬಂದ ಅಧಿಕಾರಿ ಈ ಮಾತನ್ನು ಎಂಟು ವರ್ಷದವಳಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳುವ ಒಂದು ಪುಟ ನಿಮ್ಮ ಪುಸ್ತಕದಲ್ಲಿ ಇರಲೇಬೇಕು. ಅದನ್ನು ಓದುವ ಮಕ್ಕಳಲ್ಲಿ ಒಬ್ಬರಿಗಾದರೂ ಆ ಮಾತು ನಿಜವಾಗಿ ಬೇಕಾಗಿರಬಹುದು.

ಹಿಂದಿನ ಕಾಲಕ್ಕೆ ಕಥೆ ಸರಿಸುವುದಾದರೆ ತಾರೀಖುಗಳನ್ನು ನೋಡಿಕೊಳ್ಳಿ. ಈ ಜಿಲ್ಲೆಗಳ ಸರ್ಕಾರಿ ಶಾಲೆಗೆ ಅಕ್ಷರ ದಾಸೋಹದ ಬಿಸಿಯೂಟ ಬಂದದ್ದು 2003ರಲ್ಲಿ, ಕ್ಷೀರಭಾಗ್ಯದ ಹಾಲು 2013ರಲ್ಲಿ. ಸಕಲೇಶಪುರದಿಂದ ಘಟ್ಟ ಇಳಿದು ಮಂಗಳೂರು ಮುಟ್ಟುವ ರೈಲು 1979ಕ್ಕೆ ಮೊದಲು ಇರಲಿಲ್ಲ. ಚಿಕ್ಕಮಗಳೂರು ಪೇಟೆಗೆ ರೈಲು ಬಂದದ್ದೇ 2013ರಲ್ಲಿ. 1990ರ ಕಥೆಯಲ್ಲಿ ಮಾವ ಅಲ್ಲಿ ರೈಲಿಳಿದು ಬರುವಂತಿಲ್ಲ, ಕಡೂರಿನಲ್ಲಿ ಇಳಿದು ಬಸ್ಸು ಹತ್ತಬೇಕು.

ನಾಲ್ಕನೇ ಹಂತ: ಮನೆಯ ನಕ್ಷೆ, ಸಾಮಾನಿನ ಪಟ್ಟಿ

ಎಸ್ಟೇಟಿನ ಲೈನ್ ಮನೆ (ಕೆಲಸಗಾರರ ಸಾಲುಮನೆ) ಆರಿಸಿದರೆ ಅದು ತೋಟದವರದು, ದುಡಿಯುವವರು ಇರುವ ತನಕ ವಾಸ. ದೊಡ್ಡವರು ಇಲ್ಲವಾದ ಮೇಲೆ ಅಲ್ಲಿ ಉಳಿಯುವುದೇ ಇಡೀ ಕಥೆಯ ಹೋರಾಟ ಆಗಿಬಿಡುತ್ತದೆ. ಮೃದುವಾದ ಕಾದಂಬರಿಗೆ ತಾತನ ಕಾಲದ, ಮೂರು ನಾಲ್ಕು ವರ್ಷದಿಂದ ಬೀಗ ಹಾಕಿದ ಹಂಚಿನ ಮನೆ ಒಳ್ಳೆಯದು. ಜಗಲಿ, ನಡುಮನೆ, ಒಂದು ಕೋಣೆ, ಅಡುಗೆಮನೆ, ಅದರ ಮೇಲೆ ಅಟ್ಟ, ಹಿಂದೆ ಹಂಡೆ ಹೂತ ಬಚ್ಚಲು. ನಕ್ಷೆಯನ್ನು ಕಾಗದದ ಮೇಲೆ ಬರೆದು, ಯಾವ ಬಾಗಿಲು ಯಾವ ದಿಕ್ಕಿಗೆ, ಮಳೆ ಯಾವ ಗೋಡೆಗೆ ಹೊಡೆಯುತ್ತದೆ, ಯಾರು ಎಲ್ಲಿ ಮಲಗುತ್ತಾರೆ ಎಂದು ಗುರುತು ಹಾಕಿ. ಮಳೆ ಬರುವುದು ಪಡುವಣದಿಂದ. ಮಕ್ಕಳ ಹಾಸಿಗೆ ಆ ಗೋಡೆಗೆ ತಾಗಿದ್ದರೆ ಜುಲೈನಲ್ಲಿ ಒದ್ದೆಯಾಗುತ್ತದೆ, ಹಾಸಿಗೆ ಜರುಗಿಸುವ ಆ ರಾತ್ರಿಯೇ ಒಂದು ಪ್ರಸಂಗ.

ಆಮೇಲೆ ಸಾಮಾನಿನ ಪಟ್ಟಿ. ಒಂದು ಬದಿಯಲ್ಲಿ ವಸ್ತು, ಎದುರಿಗೆ ಅದು ಎಲ್ಲಿಂದ ಬಂತು ಎಂಬುದು. ತಟ್ಟೆ ನಾಲ್ಕು: ಎರಡು ಅಟ್ಟದ ಮೇಲೆ ಸಿಕ್ಕವು, ಒಂದು ಹಾಸ್ಟೆಲಿನದು, ಒಂದು ದೊಡ್ಡಮ್ಮ ಕೊಟ್ಟದ್ದು. ಕಂಬಳಿ ಎರಡೇ, ಮಲಗುವವರು ಐವರು. ಊದುಕೊಳವೆ, ಈಳಿಗೆಮಣೆ, ಒರಳು, ಹಾರೆ, ಕತ್ತಿ, ಬಕೆಟ್ಟು, ಬೆಂಕಿಪೆಟ್ಟಿಗೆ, ಟಾರ್ಚು. ಐವತ್ತು ವಸ್ತುಗಳ ಪಟ್ಟಿ ಆದರೆ ಸಾಕು, ಅದರಲ್ಲಿ ಕನಿಷ್ಠ ಹನ್ನೆರಡು ವಸ್ತು ಕಥೆ ಶುರುವಾಗುವಾಗ ಮನೆಯಲ್ಲಿ ಇರಬಾರದು. ಒಂದೊಂದು ಬರುವುದೂ ಒಂದೊಂದು ಸಂಭ್ರಮ. ಎಲ್ಲಿಂದಲೋ ಬಂದ ಸಕ್ಕರೆ, ಯಾರೂ ಕೊಳ್ಳದ ಸೋಪು ಕಾಣಿಸಿಕೊಂಡರೆ ಮಕ್ಕಳು ಕೂಡಲೇ ಗುರುತಿಸುತ್ತಾರೆ. ಮನೆ ಆಟ ಆಡುವ ವಯಸ್ಸಿನವರಿಗೆ ಸಾಮಾನಿನ ಲೆಕ್ಕ ದೊಡ್ಡವರಿಗಿಂತ ಚೆನ್ನಾಗಿ ಗೊತ್ತು.

ಐದನೇ ಹಂತ: ಅಕ್ಕಿಯ ಲೆಕ್ಕ

ಒಂದು ಹೊತ್ತಿಗೆ ಎರಡು ಪಾವು ಅಕ್ಕಿ, ಪಾವಿಗೆ ಸುಮಾರು 200 ಗ್ರಾಂ. ದಿನಕ್ಕೆ ಎರಡು ಹೊತ್ತು ಮನೆಯೂಟ ಎಂದರೆ 30 ದಿನಕ್ಕೆ 24 ಕೆಜಿ. ಶಾಲೆಯಲ್ಲಿ ಇಬ್ಬರಿಗೆ ಬಿಸಿಯೂಟ ಇದೆ, ಪುಟ್ಟನಿಗೆ ಅಂಗನವಾಡಿಯಲ್ಲಿ ಆಗುತ್ತದೆ. ಅಕ್ಕನ ಕಾಲೇಜಿನಲ್ಲಿ ಇಲ್ಲ, ಅವಳ ಬುತ್ತಿಗೆ ತಿಂಗಳಿಗೆ ಎರಡೂವರೆ ಕೆಜಿ. ಭಾನುವಾರದ ಮಧ್ಯಾಹ್ನಗಳಿಗೆ ಇನ್ನೆರಡು. ಒಟ್ಟು 28 ಕೆಜಿಯ ಮೇಲೆ. ಪಡಿತರದಲ್ಲಿ ತಲೆಗೆ 5 ಕೆಜಿಯಂತೆ ಸಿಕ್ಕರೂ 20 ಕೆಜಿ. (ಈ ಪ್ರಮಾಣ ಆಗಾಗ ಬದಲಾಗಿದೆ, ನಿಮ್ಮ ಕಥೆಯ ವರ್ಷದ್ದನ್ನೇ ಹಾಕಿ.) ಉಳಿದ ಎಂಟು ಕೆಜಿ ಎಲ್ಲಿಂದ?

ಅಕ್ಕ ಶನಿವಾರ ಭಾನುವಾರ ಟೈಲರಿಂಗ್ ಅಂಗಡಿಯಲ್ಲಿ ಗುಂಡಿ ಹಾಕಿ ತರುತ್ತಾಳೆ. ತಂಗಿ ಹಲಸಿನ ಬೀಜ ಮಣ್ಣು ಹಚ್ಚಿ ಕೂಡಿಡುತ್ತಾಳೆ. ಅಜ್ಜಿ ಕೆಸುವಿನ ಸೊಪ್ಪಿನ ಪತ್ರೊಡೆ ಕಲಿಸುತ್ತಾರೆ. ಹನ್ನೆರಡರ ತಮ್ಮನನ್ನು ಕಾಫಿ ಕೊಯ್ಲಿನ ಕೂಲಿಗೆ ಮಾತ್ರ ಕಳಿಸಬೇಡಿ. 14 ತುಂಬದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ, ಓದುವ ಮಗು ಅದನ್ನು ಶೌರ್ಯ ಎಂದುಕೊಳ್ಳಬಾರದು.

ಪಡಿತರ ಚೀಟಿಯದ್ದೇ ಒಂದು ಕಥೆ. 2013ರ ಆಹಾರ ಭದ್ರತಾ ಕಾಯ್ದೆಯಂತೆ 18 ತುಂಬಿದ ಹಿರಿಯ ಹೆಣ್ಣುಮಗಳು ಚೀಟಿಯಲ್ಲಿ ಮನೆಯ ಯಜಮಾನಿ. ಅಕ್ಕನಿಗೆ 18 ಆಗುವುದು ಮುಂದಿನ ಮಾರ್ಚಿನಲ್ಲಿ. ಅಲ್ಲಿಯವರೆಗೆ ಮಕ್ಕಳ ಹೆಸರು ನೆಂಟರ ಚೀಟಿಗಳಲ್ಲೇ ಉಳಿದಿದೆ ಎಂದಿಟ್ಟುಕೊಳ್ಳಿ. ಬೇಲೂರಿನ ಅತ್ತೆ ತಂಗಿಯ ಪಾಲಿನ ಐದು ಕೆಜಿ ತಪ್ಪದೆ ಬಸ್ಸಿಗೆ ಹಾಕಿ ಕಳಿಸುತ್ತಾಳೆ, ಇನ್ನೊಂದು ಮನೆಯಿಂದ ಎರಡು ತಿಂಗಳು ಬರುವುದೇ ಇಲ್ಲ. ಕಾದಂಬರಿಯ ಕೊನೆಗೆ ಬೇಕಾದ ವಸ್ತು ಇಲ್ಲೇ ಸಿಕ್ಕಿತು: ನಾಲ್ಕು ಹೆಸರೂ ಇರುವ ಒಂದೇ ಚೀಟಿ, ಮೇಲೆ ಅಕ್ಕನ ಹೆಸರು.

ಆರನೇ ಹಂತ: ಮಳೆ ನಕ್ಷತ್ರದ ಮೇಲೆ ಅಧ್ಯಾಯ ಹೊಂದಿಸುವುದು

24 ಅಧ್ಯಾಯ, ಒಂದೊಂದೂ ಸುಮಾರು ಸಾವಿರ ಪದ. ಗಟ್ಟಿಯಾಗಿ ಓದಿದರೆ ಹತ್ತು ನಿಮಿಷ, ಮಲಗುವ ಹೊತ್ತಿಗೆ ಅಷ್ಟೇ ಸಾಕು. ದೊಡ್ಡಕ್ಷರದಲ್ಲಿ, ಚಿತ್ರ ಸೇರಿ 160 ಪುಟ, ಅಂದರೆ 16 ಪುಟದ ಹತ್ತು ಫಾರಂ ಆಗುತ್ತದೆ.

ಶುರು ಮೇ ಕೊನೆಯ ವಾರ, ರೋಹಿಣಿ ಮಳೆ. ಶಾಲೆ ತೆರೆಯುತ್ತದೆ, ಮುಂಗಾರು ಹಿಡಿಯುವುದರೊಳಗೆ ಹತ್ತು ಹದಿನೈದು ದಿನ ಮಾತ್ರ ಕೈಯಲ್ಲಿದೆ. ಹಂಚು ಕೈಯಾಡಿಸಬೇಕು, ಸೌದೆ ಅಟ್ಟಕ್ಕೇರಬೇಕು. ಈ ಗಡುವಿನಿಂದ ಮೊದಲ ಐದು ಅಧ್ಯಾಯಕ್ಕೆ ಓಟ ಬರುತ್ತದೆ. ಹಂಚು ಹತ್ತುವುದು ಕೆಲಸ ಬಲ್ಲ ದೊಡ್ಡವರು, ಮಕ್ಕಳು ಕೆಳಗಿನಿಂದ ಹಂಚು ದಾಟಿಸುತ್ತಾರೆ. ಮೃಗಶಿರ, ಆರಿದ್ರಾದಲ್ಲಿ ಮೊದಲ ಸೋರಿಕೆ, ಉಂಬಳ, ಒಣಗದ ಯೂನಿಫಾರ್ಮು, ಒಲೆಯ ಮೇಲೆ ತೂಗುಬಿಟ್ಟ ಬಟ್ಟೆಯ ಹೊಗೆ ವಾಸನೆಗೆ ಶಾಲೆಯಲ್ಲಿ ನಗುವ ಹುಡುಗರು. ಜುಲೈನ ಪುನರ್ವಸು, ಪುಷ್ಯ ಮಳೆಗಳು ಪುಸ್ತಕದ ಹೊಟ್ಟೆ. ಮಳೆಗೆ ಶಾಲೆಗೆ ರಜೆ, ಕರೆಂಟು ಮೂರು ದಿನದಿಂದ ಇಲ್ಲ, ಹಳ್ಳ ತುಂಬಿ ದಾರಿ ಕಟ್ಟಿದೆ. ಕೆಲಸ ನಿಂತಾಗಲೇ ದುಃಖ ಬಂದು ಕೂರುವುದು. ಅದಕ್ಕೆ ಇಲ್ಲಿ ಆರು ಅಧ್ಯಾಯ ಕೊಡಿ, ಅವಸರ ಮಾಡಬೇಡಿ.

ಆಮೇಲಿನ ತಿಂಗಳುಗಳು ಬೇಗ ಸಾಗಬಹುದು. ಗದ್ದೆ ನಾಟಿ, ಗೌರಿ ಹಬ್ಬ, ಪಕ್ಷ, ದೀಪಾವಳಿ. ನವೆಂಬರಿನಿಂದ ಅರೇಬಿಕಾ ಕೊಯ್ಲು, ಕಣದಲ್ಲಿ ಒಣಗುವ ಹಣ್ಣಿನ ಹುಳಿವಾಸನೆ, ಜನವರಿಯ ಚಳಿಯಲ್ಲಿ ರೊಬಸ್ಟಾ. ಮಾರ್ಚಿನಲ್ಲಿ ಪರೀಕ್ಷೆ. ಕೊನೆಗೆ ಕಾಫಿ ಹೂ ಅರಳಿಸುವ ಹೂಮಳೆ. ತಪ್ಪು ಹೆಚ್ಚಾಗಿ ಆಗುವುದು ಇಲ್ಲೇ: ಮಳೆ ಬಿದ್ದ ಮರುದಿನವೇ ತೋಟ ಬೆಳ್ಳಗಾಗುವುದಿಲ್ಲ. ಮಾರ್ಚ್ ಏಪ್ರಿಲ್‌ನ ಹದವಾದ ಮಳೆಯಾಗಿ ಎಂಟು ಹತ್ತು ದಿನಕ್ಕೆ ಹೂ ಬಿಡುತ್ತದೆ, ಎರಡು ಮೂರು ದಿನ ಇದ್ದು ಬಾಡುತ್ತದೆ. ಆ ಹತ್ತು ದಿನದ ಕಾಯುವಿಕೆಯಲ್ಲಿ ಅಕ್ಕನ ಚೀಟಿಯ ಓಡಾಟ ಸೇರಿಸಿದರೆ ಎರಡೂ ಒಟ್ಟಿಗೆ ಬಂದು ಮುಟ್ಟುತ್ತವೆ.

ಏಳನೇ ಹಂತ: ಒಂದು ಅಧ್ಯಾಯ ಕಟ್ಟಿ ತೋರಿಸುವುದಾದರೆ

"ತಮ್ಮ ಮೊದಲ ಸಲ ರೊಟ್ಟಿ ಮಾಡಿದ" ಎಂಬ ಅಧ್ಯಾಯ ತೆಗೆದುಕೊಳ್ಳಿ. ಬರೆಯುವ ಮೊದಲು ನೀವೇ ಮಾಡಿ ನೋಡಿ. ಒಂದು ಪಾವು ಅಕ್ಕಿಹಿಟ್ಟಿಗೆ ಒಂದು ಪಾವಿಗಿಂತ ಸ್ವಲ್ಪ ಹೆಚ್ಚು ನೀರು ಉಪ್ಪು ಹಾಕಿ ಕುದಿಸಬೇಕು, ಕುದಿಯುವಾಗ ಹಿಟ್ಟು ಸುರಿದು, ಉರಿ ತಗ್ಗಿಸಿ ಮುಚ್ಚಿಟ್ಟು, ಕೈ ಸುಡುವಷ್ಟು ಬಿಸಿ ಇರುವಾಗಲೇ ಮಿದಿಯಬೇಕು.

ತಮ್ಮನಿಗೆ ಇದು ಗೊತ್ತಿಲ್ಲ. ಮುದ್ದೆ ಊರಲ್ಲಿದ್ದವನು. ತಣ್ಣೀರಲ್ಲಿ ಕಲಸುತ್ತಾನೆ, ತಟ್ಟುವಾಗ ಅಂಚೆಲ್ಲ ಸೀಳುತ್ತದೆ. ಎರಡನೇ ಸಲ ನೀರು ಕಾಯಿಸುತ್ತಾನೆ, ಕುದಿಯಲು ಬಿಡುವುದಿಲ್ಲ. ಹಿಟ್ಟು ಅಂಟುತ್ತದೆ, ಕಾವಲಿಯ ಉರಿ ಜಾಸ್ತಿಯಾಗಿ ಮೇಲೆ ಕರಕು, ಒಳಗೆ ಹಸಿ. ಮೂರನೆಯದು ದಪ್ಪ, ಆದರೆ ತಿನ್ನುವಂತಿದೆ. ಆಗ ತಂಗಿ ಎದ್ದು ಬಂದು, ಏನೂ ಹೇಳದೆ, ಮಡಿಸಿದ ಬಟ್ಟೆಯಿಂದ ರೊಟ್ಟಿಯ ಅಂಚನ್ನು ಅದುಮುತ್ತಾಳೆ. ರೊಟ್ಟಿ ಉಬ್ಬುತ್ತದೆ. "ಹಿಂಗೆ ಅಮ್ಮ ಮಾಡ್ತಿತ್ತು" ಎನ್ನುತ್ತಾಳೆ. ಅಷ್ಟೇ. ಉಣ್ಣುವುದಕ್ಕೆ ಕೂರುತ್ತಾರೆ.

ಒಂದು ಕೆಲಸ, ಎರಡು ಸೋಲು, ಸೋಲಿಗೆ ಸರಿಯಾದ ಕಾರಣ, ಒಂದು ಸಣ್ಣ ಗೆಲುವು. ಕಾರಣ ಬಿಟ್ಟುಹೋದರೆ ಅಧ್ಯಾಯ ಸಪ್ಪೆಯಾಗುತ್ತದೆ, ಏಕೆಂದರೆ ಓದುವ ಮಗು ಜೊತೆಗೂಡಿ ಕಲಿಯಬೇಕು. ಎಲ್ಲ ಅಧ್ಯಾಯಕ್ಕೂ ಇದೇ ಅಚ್ಚು ಒತ್ತಬೇಡಿ. ನಾಲ್ಕಕ್ಕೊಂದರಲ್ಲಿ ಗೆಲುವು ಇಲ್ಲದೆ ಎಲ್ಲರೂ ಹಸಿದು ಸಿಟ್ಟಾಗಿ ಮಲಗಲಿ.

ಓದಿ ಅನುಕರಿಸಿದರೆ ಅಪಾಯವಾಗುವ ಸಂಗತಿಗಳಲ್ಲಿ ಎಚ್ಚರ ಇರಲಿ. ಕಳಲೆ (ಎಳೆಬಿದಿರಿನ ಮೊಳಕೆ) ತಂದ ದಿನವೇ ಬೇಯಿಸಿ ತಿಂದರೆಂದು ಬರೆಯಬೇಡಿ. ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ಮೂರು ದಿನ ನೆನೆಸುವುದು ವಾಡಿಕೆ, ಇಲ್ಲದಿದ್ದರೆ ವಿಷ. ಅಣಬೆಯನ್ನು ಮಕ್ಕಳೇ ಆರಿಸಬಾರದು, ಅಜ್ಜಿಯ ಕಣ್ಣು ಬೇಕು. ತುಂಬಿದ ಹಳ್ಳ ದಾಟಿಸಬೇಡಿ. ಸಕಲೇಶಪುರ, ಆಲೂರು ಕಡೆ ಆನೆ ಎಂದರೆ ನಿಜವಾದ ಭಯ. ಆನೆ ಬಂದಿದೆ ಎಂಬ ಸುದ್ದಿ ಬಂದ ಸಂಜೆ ಕದ ಹಾಕಿ ಒಳಗಿರುತ್ತಾರೆ, ಮರಿಯಾನೆಯೊಡನೆ ಗೆಳೆತನ ಮಾಡುವುದಿಲ್ಲ.

ಎಂಟನೇ ಹಂತ: ದುಃಖದ ಅಳತೆ

ತಬ್ಬಲಿ ಎಂಬ ಮಾತು ಕನ್ನಡದ ಮಕ್ಕಳಿಗೆ ಒಂದು ಹಸುವಿನ ಕಥೆಯಿಂದ ಎಳವೆಯಲ್ಲೇ ಗೊತ್ತು, ಅದರ ತೂಕವೂ ಗೊತ್ತು. ಇಡೀ ಪುಸ್ತಕದಲ್ಲಿ ಅದನ್ನು ಒಂದೋ ಎರಡೋ ಸಲ ಬಳಸಿ. "ಪಾಪ" ಎಂಬುದನ್ನು ನಿರೂಪಕರು ಒಮ್ಮೆಯೂ ಹೇಳಬಾರದು, ಊರಿನವರು ಹೇಳಲಿ, ಅದು ಕಿವಿಗೆ ಬಿದ್ದ ಮಕ್ಕಳಿಗೆ ಹೇಗಾಯಿತೆಂದು ತೋರಿಸಿ. ಅಳು ವಸ್ತುವಿನ ಜೊತೆ ಬರಲಿ: ಜಡೆ ಹಾಕಲು ಬಾರದ ಅಣ್ಣನ ಕೈ, ಅಟ್ಟದಲ್ಲಿ ಸಿಕ್ಕ ಅಮ್ಮನ ಸೀರೆಯನ್ನು ಹೊದಿಕೆಗೆ ಹೊಲಿಯಬೇಕೋ ಹಾಗೇ ಇಡಬೇಕೋ ಎಂಬ ಜಗಳ.

ಪಕ್ಷದ ಅಧ್ಯಾಯವೇ ಪುಸ್ತಕದ ಹೃದಯ ಆಗಬಲ್ಲದು. ಮಹಾಲಯದ ಹೊತ್ತಿಗೆ ತೀರಿಕೊಂಡವರಿಗೆ ಎಡೆ ಇಡಬೇಕು, ಅವರಿಗೆ ಇಷ್ಟವಾದದ್ದನ್ನು ಮಾಡಬೇಕು. ಅಪ್ಪನಿಗೆ ಏನು ಇಷ್ಟ ಇತ್ತು? ಮೂವರು ಮೂರು ಹೇಳುತ್ತಾರೆ. ಪುಟ್ಟನಿಗೆ ಏನೂ ನೆನಪಿಲ್ಲ, ಅದಕ್ಕೆ ಅವನು ತನಗಿಷ್ಟವಾದ ಬಾಳೆಹಣ್ಣು ತಂದಿಡುತ್ತಾನೆ. ಎಡೆಯ ಕ್ರಮ ಒಂದೊಂದು ಮನೆತನದಲ್ಲಿ ಒಂದೊಂದು ಥರ, ನೀವು ಆರಿಸಿದ ಕುಟುಂಬದ ಪದ್ಧತಿಯನ್ನು ಬಲ್ಲವರಿಂದ ಕೇಳಿಯೇ ಬರೆಯಿರಿ.

ಒಂಬತ್ತನೇ ಹಂತ: ಮಾತು

ನಿರೂಪಣೆ ಸರಳ ಗ್ರಂಥಭಾಷೆಯಲ್ಲಿ, ವಾಕ್ಯಕ್ಕೆ ಏಳೆಂಟು ಪದ. ಮಾತುಕತೆ ಆ ಸೀಮೆಯದು. "ಸೌದೆ ಹತ್ತುತ್ತಾನೇ ಇಲ್ಲ ಕಣಕ್ಕ." "ಅಟ್ಟದ ಮೇಲಿಂದು ತಗೊಳೋ, ಕೆಳಗಿಂದೆಲ್ಲ ಒದ್ದೆ." ಇಷ್ಟು ಸಾಕು, ಓದಲು ತೊಡಕಾಗುವಷ್ಟು ಆಡುಮಾತು ಬೇಡ.

ಕನ್ನಡದಲ್ಲಿ ಸಿಗುವ ಒಂದು ಸಾಧನ ಬಳಸಿಕೊಳ್ಳಿ. ಮೊದಲ ಅಧ್ಯಾಯಗಳಲ್ಲಿ ಮಕ್ಕಳು ಪಕ್ಕದ ಮನೆ ಅಜ್ಜಿಗೆ "ನೀವು ಇಲ್ಲೇ ಮಲಗ್ತೀರಾ?" ಎನ್ನುತ್ತಾರೆ. ಪುಷ್ಯ ಮಳೆಯ ಒಂದು ರಾತ್ರಿ ಪುಟ್ಟ ನಿದ್ದೆಗಣ್ಣಲ್ಲಿ "ಅಜ್ಜಿ, ನೀ ಹೋಗಬ್ಯಾಡ" ಎನ್ನುತ್ತಾನೆ. ಒಬ್ಬೊಬ್ಬರಾಗಿ ಎಲ್ಲರೂ ನೀವು ಬಿಟ್ಟು ನೀನು ಹಿಡಿಯುತ್ತಾರೆ, ಅಕ್ಕ ಎಲ್ಲರಿಗಿಂತ ಕೊನೆಗೆ. ಇದನ್ನು ವಿವರಿಸಬೇಡಿ. ಕಿವಿ ತಾನೇ ಹಿಡಿಯುತ್ತದೆ.

ಹತ್ತನೇ ಹಂತ: ಗಟ್ಟಿಯಾಗಿ ಓದಿ ತಿದ್ದುವುದು

ಕರಡು ಮುಗಿದ ಮೇಲೆ ಒಂದು ತಿಂಗಳು ಮುಟ್ಟದೆ ಇಡಿ. ಆಮೇಲೆ ಊರ ಶಾಲೆಯ ಅಥವಾ ಗ್ರಂಥಾಲಯದ ಐದಾರು ಮಕ್ಕಳಿಗೆ ದಿನಕ್ಕೊಂದು ಅಧ್ಯಾಯದಂತೆ ಓದಿ ಹೇಳಿ. ಹೇಗಿದೆ ಎಂದು ಕೇಳಬೇಡಿ, ಚೆನ್ನಾಗಿದೆ ಎಂದೇ ಹೇಳುತ್ತಾರೆ. ಅವರ ಕಣ್ಣು ಕಿಟಕಿಗೆ ಹೋದ ಜಾಗಕ್ಕೆ ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿ. ಸಾಮಾನ್ಯವಾಗಿ ಆ ಗುರುತುಗಳು ಬೀಳುವುದು ನಿಸರ್ಗ ವರ್ಣನೆ ನಾಲ್ಕು ಸಾಲು ದಾಟಿದಲ್ಲಿ ಮತ್ತು ದೊಡ್ಡವರು ಬುದ್ಧಿ ಹೇಳುವಲ್ಲಿ. ಮೊದಲನೆಯದನ್ನು ಎರಡು ಸಾಲಿಗೆ ಇಳಿಸಿ, ಎರಡನೆಯದನ್ನು ತೆಗೆದುಬಿಡಿ. ಮಕ್ಕಳು ನಡುವೆ ಬಾಯಿಹಾಕಿ ಕೇಳುವ ಪ್ರಶ್ನೆಗಳನ್ನು ಬರೆದುಕೊಳ್ಳಿ: "ಅವತ್ತು ಉಪ್ಪು ಇತ್ತಾ?", "ಪುಟ್ಟ ಯಾರ ಪಕ್ಕ ಮಲಗಿದ?" ಉತ್ತರ ನಿಮ್ಮ ಸಾಮಾನಿನ ಪಟ್ಟಿಯಲ್ಲೋ ಮನೆಯ ನಕ್ಷೆಯಲ್ಲೋ ಇರಬೇಕು. ಇಲ್ಲವಾದರೆ ಆ ಪುಟಕ್ಕೆ ಮರಳಿ, ಉಪ್ಪಿನ ಡಬ್ಬಿ ಎಲ್ಲಿತ್ತೆಂದು ಮೊದಲು ಗೊತ್ತುಮಾಡಿಕೊಳ್ಳಿ.